ಒಂದೇ ಉಸಿರಿನ ಖಳನಾಯಕ

ಆ ಬೀದಿಯಲ್ಲಿ ಅತ್ಯಂತ ಸಾಧು ಮನುಷ್ಯ ಯಾರು ಎಂದು ಕೇಳಿದರೆ, ಹಾಲಿನವನಿಂದ ಹಿಡಿದು ಬೀಗ ರಿಪೇರಿಯವನವರೆಗೆ ಎಲ್ಲರೂ ತಾತನ ಮನೆಯನ್ನೇ ತೋರಿಸುತ್ತಿದ್ದರು. ಇರುವೆ ಸಾಲು ಕಂಡರೆ ಸುತ್ತು ಹಾಕಿಕೊಂಡು ಹೋಗುವ ಜೀವ. ಬೀದಿನಾಯಿ ಕಾಲಿಗೆ ಅಡ್ಡ ಬಂದರೆ ತಾನೇ 'ಸಾರಿ' ಹೇಳುವ ಜೀವ. ಇಂಥ ತಾತ ದಿನಾ ತಿಂಡಿ ಮುಗಿಸಿ, ಇಸ್ತ್ರಿ ಅಂಗಿ ತೊಟ್ಟು, ಅಜ್ಜಿ ಕೊಟ್ಟ ಊಟದ ಡಬ್ಬಿ ಹಿಡಿದು ಹೋಗಿ ಏನು ಮಾಡುತ್ತಿದ್ದ ಗೊತ್ತೇ? ಹೀರೋನ ತಂಗಿಯನ್ನು ಅಪಹರಿಸುತ್ತಿದ್ದ. ಗೋದಾಮಿಗೆ ಬೆಂಕಿ ಹಚ್ಚಿಸುತ್ತಿದ್ದ. ಊಟದ ಹೊತ್ತಿಗೆ ಒಂದೆರಡು ಕೊಲೆ ಮುಗಿಸಿ, ಕೈ ತೊಳೆದು, ಡಬ್ಬಿ ಬಿಚ್ಚುತ್ತಿದ್ದ.

ತಾತ ಡಬ್ಬಿಂಗ್ ಕಲಾವಿದ. ಪರದೆಯ ಮೇಲೆ ಖಳನಾಯಕ ಬಾಯಾಡಿಸಿದರೆ ಒಳಗಿಂದ ಬರುವ ಗುಡುಗು ತಾತನದು. ಈಗ ಕೈಯಲ್ಲಿದ್ದ ಸಿನಿಮಾದ ಖಳನಿಗೆ ತೋಳುಗಳು ದಿಂಬಿನಷ್ಟು ದಪ್ಪ, ಧ್ವನಿ ಮಾತ್ರ ಸೊಳ್ಳೆಯಷ್ಟು. ಆ ಸೊಳ್ಳೆಯನ್ನು ಸಿಂಹ ಮಾಡುವ ಗುತ್ತಿಗೆ ತಾತನದು.

ಗಾಜಿನ ಆಚೆ ಹೆಡ್‌ಫೋನ್ ಏರಿಸಿ ಕೂತಿರುತ್ತಿದ್ದವಳು ಮೊಮ್ಮಗಳು. ಸ್ಟುಡಿಯೋದ ಸೌಂಡ್ ಎಡಿಟರ್. ಮನೆಯಲ್ಲೂ, ಬೀದಿಯಲ್ಲೂ, ಸ್ಟುಡಿಯೋದಲ್ಲೂ ಎಲ್ಲರ ಬಾಯಲ್ಲಿ ಅವಳು 'ತರ್ಲೆ'. ಆ ಬಿರುದು ಸುಮ್ಮನೆ ಬಂದದ್ದಲ್ಲ, ಬೆವರು ಸುರಿಸಿ ಸಂಪಾದಿಸಿದ್ದು. ಅಜ್ಜಿಯ ಫೋನಿಗೆ ತಾತನ ಅಟ್ಟಹಾಸವನ್ನು ರಿಂಗ್‌ಟೋನ್ ಮಾಡಿದ್ದು ಅವಳೇ. ಅಜ್ಜಿ ಬ್ಯಾಂಕಿನ ಸಾಲಿನಲ್ಲಿ ನಿಂತಾಗ ಕೈಚೀಲದೊಳಗಿಂದ "ಹಹ್ಹಹ್ಹಾ! ಇವತ್ತು ನಿಮ್ಮನ್ನ ಯಾರೂ ಕಾಪಾಡಲ್ಲ!" ಎಂದು ಮೊಳಗಿ, ಕಾವಲುಗಾರ ಕುರ್ಚಿಯ ಹಿಂದೆ ಅಡಗಿದ ಕಥೆ ಈಗಲೂ ಆ ಬ್ಯಾಂಕಿನಲ್ಲಿ ಚಾಲ್ತಿಯಲ್ಲಿದೆ.

ಡಬ್ಬಿಂಗ್ ಕೋಣೆಯ ಮೈಕಿಗೆ ಮಾನ ಮರ್ಯಾದೆ ಇಲ್ಲ. ಅದು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಹೊಟ್ಟೆ ಗುರ್‍ರೆಂದರೆ, ಅಂಗಿಯ ತೋಳು ಸವರಿದರೆ, ತಾತನ ಕಟ್ಟುಹಲ್ಲು ಒಂದಕ್ಕೊಂದು ತಾಗಿದರೆ, ಎಲ್ಲವೂ ದಾಖಲು. ಅದನ್ನೆಲ್ಲ ಗುಡಿಸಿ ಸಾರಿಸಿ ಮಾತನ್ನಷ್ಟೇ ಉಳಿಸುವುದು ತರ್ಲೆಯ ಕೆಲಸ. ಅದರಲ್ಲೂ ಮುಖ್ಯವಾದದ್ದು ಉಸಿರು. ಮಾತಿನ ನಡುವೆ ಎಳೆದುಕೊಳ್ಳುವ ಉಸಿರನ್ನು ಕತ್ತರಿಸಿ, ಎರಡೂ ತುದಿಯನ್ನು ಗಾಯ ಕಾಣದಂತೆ ಹೊಲಿಯಬೇಕು.

ತಾತನ ಟೇಕುಗಳಲ್ಲಿ ಹಿಂದೆಲ್ಲ ಕತ್ತರಿಗೆ ಕೆಲಸವೇ ಇರುತ್ತಿರಲಿಲ್ಲ. ಪುಟಗಟ್ಟಲೆ ಡೈಲಾಗನ್ನು ಒಂದೇ ಉಸಿರಿಗೆ ಎತ್ತಿ ಒಗೆಯುತ್ತಿದ್ದ. ಅದೇ ಅವನ ಹೆಮ್ಮೆ, ಅದೇ ಅವನ ಅನ್ನ. ಈಗಿನ ಸಿನಿಮಾದಲ್ಲಿ ಒಂದು ಮಾತಿತ್ತು:

"ಈ ಕೋಟೆಯಲ್ಲಿ ಗಾಳಿ ಬೀಸೋಕೂ ನನ್ನ ಅಪ್ಪಣೆ ಬೇಕು, ಎಲೆ ಅಲುಗೋಕೂ ನನ್ನ ಅಪ್ಪಣೆ ಬೇಕು, ನಿನ್ನ ಎದೆ ಇದೆಯಲ್ಲ, ಅದು ಬಡ್ಕೊಳ್ಳೋಕೂ ನನ್ನ ಅಪ್ಪಣೆ ಬೇಕು ಕಣೋ!"

ಮೊದಲ ದಿನ ಈ ಮಾತಿನಲ್ಲಿ ತಾತ 'ಎಲೆ'ಯ ಹತ್ತಿರ ನಿಂತ. ಉಸಿರು ಎಳೆದ. 'ಎದೆ'ಯ ಹತ್ತಿರ ಮತ್ತೆ ನಿಂತ. ಆಮೇಲೆ ಸ್ಪೀಕರಿನಲ್ಲಿ ತನ್ನ ಮಾತನ್ನೇ ಕೇಳಿಸಿಕೊಂಡು, ಪರೀಕ್ಷೆಯಲ್ಲಿ ಫೇಲಾದ ಮಗುವಿನ ಮುಖ ಮಾಡಿದ. ತರ್ಲೆ ಗಾಜಿನತ್ತ ಬಗ್ಗಿ, "ತಾತ, ಇನ್ನೊಂದು ಟೇಕ್ ಕೊಡು" ಎಂದಳು. ಎರಡನೆಯದೂ ಹಾಗೇ ಬಂತು. ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ಉಸಿರುಗಳನ್ನು ಕತ್ತರಿಸಿ, ಹೊಲಿದು, ಕೇಳಿಸಿದಳು.

ತಾತನ ಮುಖ ಅರಳಿ ಅಗಲವಾಯಿತು. "ನೋಡ್ದೇನೇ! ಒಂದೇ ಉಸಿರು! ಎಲ್ಲಾ ಇದರ ಮಹಿಮೆ ಕಣೇ" ಎನ್ನುತ್ತ ಜೇಬಿನಿಂದ ಒಂದು ಡಬ್ಬಿ ತೆಗೆದು ಗಲಗಲ ಅಲ್ಲಾಡಿಸಿದ.

ವಿಟಮಿನ್ ಸಿ. ಚೀಪುವ ಮಾತ್ರೆ. ಕಿತ್ತಳೆ ಬಣ್ಣ, ಕಿತ್ತಳೆ ರುಚಿ, ಡಬ್ಬಿಯ ಮೇಲೆ ನಗುವ ಕಿತ್ತಳೆಯ ಚಿತ್ರ. ಗಂಟಲಿಗೆ ಒಳ್ಳೆಯದು ಎಂದು ಶುರುವಾದದ್ದು, ಯಾರೋ ಫೋನಿಗೆ ಕಳಿಸಿದ ವಿಡಿಯೋ ನೋಡಿದ ಮೇಲೆ ತಾತನ ಪಾಲಿಗೆ ಸಂಜೀವಿನಿಯಾಗಿ ಬಡ್ತಿ ಪಡೆದಿತ್ತು.

"ಇದು ರಕ್ತನಾಳಗಳನ್ನ ಒಳಗಿಂದ ಉಜ್ಜಿ ತೊಳೆಯುತ್ತಂತೆ ಕಣೇ. ಪೈಪ್ ಕ್ಲೀನ್ ಆದ್ರೆ ಪಂಪ್ ಸಲೀಸು. ಹೃದಯ ಅಂದ್ರೆ ಪಂಪ್ ತಾನೇ?"

"ಹೌದು ತಾತ, ನೀನು ಪ್ಲಂಬರ್ ಆಗಬೇಕಿತ್ತು" ಎಂದು ತರ್ಲೆ ನಕ್ಕಳು. ತಾತ ಖುಷಿಯಾಗಿದ್ದಾನಲ್ಲ, ಅಷ್ಟು ಸಾಕೆನಿಸಿತು. ಅಂದಿನಿಂದ ದಿನಾ ಅದೇ ಕಸುಬು. ತಾತ ಉಸಿರು ಎಳೆಯುವನು, ಇವಳು ಕತ್ತರಿಸುವಳು, ತಾತ ಕೇಳಿ ಮೀಸೆ ತಿರುವುವನು, ಇನ್ನೊಂದು ಮಾತ್ರೆ ಬಾಯಿಗೆ ಎಸೆದುಕೊಳ್ಳುವನು. ಸ್ಟುಡಿಯೋದ ಕಾವಲುಗಾರನಿಗೆ, ಲಿಫ್ಟ್ ರಿಪೇರಿಗೆ ಬಂದವನಿಗೆ, ಪಾರ್ಸೆಲ್ ಕೊಡಲು ಬಂದವಳಿಗೆ, ಎಲ್ಲರಿಗೂ ಮಾತ್ರೆ ಹಂಚುವನು. ನಿರ್ದೇಶಕನ ಕೈಗೂ ಒಂದು ಇಟ್ಟು, "ಚೀಪಪ್ಪಾ, ಸಿನಿಮಾ ನೂರು ದಿನ ಓಡುತ್ತೆ, ನೀನೂ ಓಡ್ತೀಯ" ಎಂದಿದ್ದ.

ಎಲ್ಲವೂ ಹೀಗೇ ಹಾಯಾಗಿ ಸಾಗುತ್ತಿತ್ತು, ಗೋಡೆ ಮಾತಾಡದೆ ಇದ್ದಿದ್ದರೆ.

ಅಂದು ಅಟ್ಟಹಾಸದ ರೆಕಾರ್ಡಿಂಗ್. ತಾತನ ಅಟ್ಟಹಾಸ ಹೊಟ್ಟೆಯ ತಳದಿಂದ ಎದ್ದು, ಎದೆಯಲ್ಲಿ ಒಂದು ಸುತ್ತು ತಿರುಗಿ, ಆಮೇಲೆ ಹೊರಬೀಳುವ ಸರಕು. ನೆಲವೂ ಸಣ್ಣಗೆ ನಡುಗುತ್ತದೆ. ತಾತ ನಕ್ಕ. ತರ್ಲೆ ಹುಬ್ಬು ಗಂಟಿಕ್ಕಿದಳು. ನಗುವಿನ ಅಡಿಯಲ್ಲಿ ಏನೋ ಟಿಕ್ ಟಿಕ್ ಟಿಕ್.

"ತಾತ, ಜೇಬಲ್ಲಿ ಡಬ್ಬಿ ಇದ್ಯಾ?"

"ಹೊರಗಿಟ್ಟಿದ್ದೀನಿ ತಾಯಿ."

"ಹಲ್ಲು?"

"ಗಟ್ಟಿಯಾಗಿದೆ. ಬೇಕಾದ್ರೆ ಕಚ್ಚಿ ತೋರಿಸ್ಲಾ?"

ಮತ್ತೆ ನಗು. ಮತ್ತೆ ಟಿಕ್ ಟಿಕ್. ತಾತ ಊಟಕ್ಕೆ ಹೊರಗೆ ಹೋದ ಮೇಲೆ ತರ್ಲೆ ಆ ನಗುವನ್ನೇ ಕೋಣೆಯ ಸ್ಪೀಕರಿನಲ್ಲಿ ಜೋರಾಗಿ ಹಾಕಿ, ಬೆಕ್ಕಿನಂತೆ ಕಿವಿ ನಿಮಿರಿಸಿಕೊಂಡು ಗೋಡೆಯ ಉದ್ದಕ್ಕೂ ನಡೆದಳು. ಡಬ್ಬಿಂಗ್ ಕೋಣೆಯ ಗೋಡೆಗೆ ತೂತು ತೂತಿನ ಮರದ ಹಲಗೆ ಹೊಡೆದಿರುತ್ತಾರೆ, ಸದ್ದು ಮಾರ್ದನಿಯಾಗದೆ ಅದರೊಳಗೇ ಹೋಗಿ ಸಾಯಲಿ ಎಂದು. ಮೈಕಿನ ಬಲಗಡೆ, ಕುರ್ಚಿಯಲ್ಲಿ ಕೂತವರ ಕೈಗೆ ಸಿಗುವ ಎತ್ತರದಲ್ಲಿ ಒಂದು ಹಲಗೆ ಟಿಕ್ ಟಿಕ್ ಎಂದು ಅದುರುತ್ತಿತ್ತು. ಸ್ಕ್ರೂ ಬಿಚ್ಚಿ ಹಲಗೆ ಸರಿಸಿದಳು.

ಸುರ್‍ರ್ ಎಂದು ಬಿಳಿ ಮಾತ್ರೆಗಳ ಮಳೆ.

ಒಂದೊಂದೂ ಅವಳಿಗೆ ಗೊತ್ತಿದ್ದ ಮಾತ್ರೆ. ಹಿಂದಿನ ವರ್ಷ ತಾತ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತುಬಿಟ್ಟಾಗ, ಬಿಪಿ ಏರಿದೆ, ಹೃದಯ ದಣಿದಿದೆ ಎಂದು ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆ. ಅಜ್ಜಿ ದಿನವೂ ಊಟದ ಡಬ್ಬಿಯ ಮುಚ್ಚಳದಲ್ಲಿ ಇಟ್ಟುಕೊಡುವ ಮಾತ್ರೆ. ತಾತ ಅದನ್ನು ನುಂಗುವ ಬದಲು ಗೋಡೆಗೆ ತಿನ್ನಿಸಿದ್ದ. ಬಿಪಿ ಏನಾದರೂ ಇದ್ದಿದ್ದರೆ ಆ ಗೋಡೆಗೆ ಇಷ್ಟು ಹೊತ್ತಿಗೆ ಸಂಪೂರ್ಣ ವಾಸಿಯಾಗಿರುತ್ತಿತ್ತು.

ಊಟ ಮುಗಿಸಿ ಬಾಯೊರೆಸಿಕೊಳ್ಳುತ್ತ ಬಂದ ತಾತ, ಬಿಚ್ಚಿದ ಹಲಗೆ ನೋಡಿದ, ನೆಲ ನೋಡಿದ, ಮೊಮ್ಮಗಳನ್ನು ನೋಡಿದ. ಪೊಲೀಸರು ಸುತ್ತುವರಿದಾಗ ತನ್ನ ಖಳನಾಯಕರು ಮಾಡುವುದನ್ನೇ ಮಾಡಿದ. ಎದೆ ಉಬ್ಬಿಸಿ ನಿಂತ.

"ಗೊತ್ತಾಗಿ ಹೋಯ್ತಾ! ಆಗಲಿ. ಈ ಗುಟ್ಟು ಈ ನಾಲ್ಕು ಗೋಡೆ ಬಿಟ್ಟು ಹೊರಗೆ ಹೋದ್ರೆ..."

"ಗೋಡೆನೇ ಬಾಯಿಬಿಟ್ಟಿದೆ ತಾತ. ಡೈಲಾಗ್ ಬೇಡ. ಯಾಕ್ ತಗೋತಿಲ್ಲ ಹೇಳು."

ತಾತನ ಎದೆಯ ಗಾಳಿ ಇಳಿಯಿತು. ಕುರ್ಚಿಯಲ್ಲಿ ಕೂತ. "ಕೆಮ್ಮು ಕಣೇ. ಅದನ್ನ ನುಂಗಿದ್ರೆ ಗಂಟಲಲ್ಲಿ ಇರುವೆ ಹರಿದ ಹಾಗೆ ಒಣಕೆಮ್ಮು. ಮೈಕ್ ಮುಂದೆ ಕೆಮ್ಮೋ ಖಳನಾಯಕನನ್ನ ಯಾರು ಕರೀತಾರೆ? 'ನಿನ್ನನ್ನ ಸುಮ್ನೆ ಬಿಡಲ್ಲ, ಖೊಕ್ ಖೊಕ್' ಅಂದ್ರೆ ಹೀರೋ ಬಂದು ಕಷಾಯ ಕೊಟ್ಟು ಹೋಗ್ತಾನೆ."

"ಡಾಕ್ಟರಮ್ಮಂಗೆ ಹೇಳಬೇಕಿತ್ತು."

"ಹೇಳಿದ್ರೆ 'ಕೆಲಸ ಬಿಡಿ, ಮನೇಲಿರಿ' ಅಂತಿದ್ರು. ಮನೇಲಿ ಏನು ಮಾಡ್ಲಿ? ನಿಮ್ಮಜ್ಜಿಗೆ ಕೊಲೆ ಬೆದರಿಕೆ ಹಾಕ್ಲಾ? ಅವಳು ಸೌಟು ಹಿಡ್ಕೊಂಡೇ ಉತ್ತರ ಕೊಡ್ತಾಳೆ." ತಾತ ಮತ್ತೆ ಹುರುಪಾದ. "ಅಷ್ಟಕ್ಕೂ ಈಗ ಆ ಮಾತ್ರೆ ಯಾಕೇ ಬೇಕು? ನನ್ನ ಉಸಿರು ಕೇಳಿದ್ದೀಯಲ್ಲ? ದಿನಾ ನೀನೇ ಕೇಳಿಸ್ತೀಯಲ್ಲ! ಒಂದೇ ಉಸಿರಿಗೆ ಅಷ್ಟುದ್ದ ಡೈಲಾಗು. ಹೃದಯ ಕೆಟ್ಟವನಿಗೆ ಆಗೋ ಕೆಲಸನಾ ಇದು? ಎಲ್ಲಾ ವಿಟಮಿನ್ ಸಿ!"

ತರ್ಲೆಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಟಣ್ ಎಂದಿತು.

ತಾತನಿಗೆ ಮೋಸ ಮಾಡಿದ್ದು ಕಿತ್ತಳೆ ಮಾತ್ರೆಯಲ್ಲ. ಅವಳ ಕತ್ತರಿ. ಅವನ ಸುಸ್ತನ್ನು ದಿನಾ ಗುಡಿಸಿ ಕಸದ ಬುಟ್ಟಿಗೆ ಹಾಕಿ, 'ನೋಡು ನೀನೆಷ್ಟು ಗಟ್ಟಿಮುಟ್ಟು' ಎಂದು ಸ್ಪೀಕರಿನಲ್ಲಿ ಸರ್ಟಿಫಿಕೇಟ್ ಕೊಟ್ಟವಳು ಅವಳೇ.

"ತಾತ" ಎಂದಳು. "ಆ ಒಂದೇ ಉಸಿರು ನಿಂದಲ್ಲ. ನಾನು ಕಟ್ ಮಾಡ್ತಿದ್ದೆ. ಪ್ರತಿ ಸಲ. ನೀನು ಉಸಿರು ಎಳೆದ ಜಾಗ ಎಲ್ಲಾ ತೆಗೆದು ಜೋಡಿಸ್ತಿದ್ದೆ."

ತಾತ ಅವಳನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಬಿದ್ದು ಬಿದ್ದು ನಕ್ಕ.

"ಬಿಡೇ ಬಿಡೇ! ಪೋಸ್ಟ್‌ಮ್ಯಾನ್ ದನೀಲಿ ಫೋನ್ ಮಾಡಿ ನನಗೆ ರಾಷ್ಟ್ರಪ್ರಶಸ್ತಿ ಬಂದಿದೆ ಅಂದವಳು ನೀನು. ಸ್ನಾನ ಮಾಡ್ತಿದ್ದವನು ಟವೆಲ್‌ನಲ್ಲೇ ಗೇಟಿಗೆ ಓಡಿದ್ದೆ. ಎದುರುಮನೆಯವರು ಈಗಲೂ ನನ್ನ ನೋಡಿದ್ರೆ ಕಿಟಕಿ ಹಾಕ್ಕೋತಾರೆ. ಇನ್ನೊಂದು ಸಲ ಬೀಳೋ ಮಗನಲ್ಲ ನಾನು!"

"ತಾತ, ಈ ಸಲ ನಿಜವಾಗ್ಲೂ..."

"ಆವಾಗಲೂ ಹೀಗೇ ಅಂದಿದ್ದೆ. ಇದೇ ದನಿ, ಇದೇ ಮುಖ. ಕ್ಲೈಮ್ಯಾಕ್ಸ್ ರೆಕಾರ್ಡಿಂಗ್ ನಾಳೆ ಇದೆ, ಬಾ. ನಿಮ್ಮಜ್ಜಿಗೆ ಬಾಯಿಬಿಟ್ಟರೆ ನಿನ್ನ ಬೈಕಿನ ಗಾಳಿ ಬಿಡ್ತೀನಿ." ಎಂದು ಒಂದು ಕಿತ್ತಳೆ ಮಾತ್ರೆ ಬಾಯಿಗೆ ಎಸೆದುಕೊಂಡು, ಶಿಳ್ಳೆ ಹಾಕುತ್ತ ಹೊರಟೇಬಿಟ್ಟ. ಮೆಟ್ಟಿಲ ತಿರುವಿನಲ್ಲಿ ಶಿಳ್ಳೆ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು. ತರ್ಲೆ ಅದನ್ನೂ ಕೇಳಿಸಿಕೊಂಡಳು.

ಜೀವಮಾನವಿಡೀ ಸುಳ್ಳು ಹೇಳಿ ನಗಿಸಿದವಳಿಗೆ ಒಂದು ನಿಜ ಹೇಳಲು ನಾಲಿಗೆಯೇ ಸಾಕ್ಷಿಗೆ ಬರಲಿಲ್ಲ. ಅಜ್ಜಿಗೆ ಹೇಳಿದರೆ ಮನೆಯಲ್ಲಿ ಮಹಾಯುದ್ಧ. ಯುದ್ಧದಲ್ಲಿ ಗೆಲ್ಲುವುದು ಅಜ್ಜಿಯೇ. ಆದರೆ ಸೋತ ತಾತ ಮಾತ್ರೆ ನುಂಗುವ ಬದಲು ಇನ್ನೊಂದು ಗೋಡೆ ಹುಡುಕುತ್ತಾನೆ. ಸ್ಟುಡಿಯೋದಲ್ಲಿ ಗೋಡೆಗಳಿಗೇನು ಬರ. ತಾತನೇ ನಂಬಬೇಕು. ತಾತ ಯಾರ ಮಾತನ್ನು ನಂಬುತ್ತಾನೆ? ಸ್ಪೀಕರಿನ ಮಾತನ್ನು. ಸ್ಪೀಕರಿನಲ್ಲಿ ಕೇಳಿದ್ದನ್ನು ತಾನೇ ಇಷ್ಟು ದಿನ ನಂಬಿದ್ದು?

ತರ್ಲೆ ಕಂಪ್ಯೂಟರ್ ಮುಂದೆ ಕೂತಳು. ಕತ್ತರಿಸಿದ ಚೂರುಗಳು ಎಲ್ಲೂ ಹೋಗಿರಲಿಲ್ಲ, ಒಂದು ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು. ಒಂದೊಂದೇ ಹೆಕ್ಕಿ, ಒಂದರ ಹಿಂದೆ ಒಂದು ಪೋಣಿಸಿದಳು. ಮಾತಿಲ್ಲ, ನಗುವಿಲ್ಲ. ಬರೀ ಉಸಿರು. ಮೊದಲ ದಿನದ್ದರಿಂದ ಇವತ್ತಿನದರವರೆಗೆ.

ಮರುದಿನ ನಿರ್ದೇಶಕ ಬರುವ ಮೊದಲೇ ತಾತನನ್ನು ದೊಡ್ಡ ಸ್ಪೀಕರಿನ ಮುಂದಿನ ಸೋಫಾದಲ್ಲಿ ಕೂರಿಸಿದಳು.

"ಒಂದು ಸೌಂಡ್ ಕೇಳು ತಾತ. ಯಾವ ಪಾತ್ರಕ್ಕೆ ಹಾಕಬಹುದು ಹೇಳು."

ಹಾಕಿದಳು. ಹ್ಞಾ... ಹ್ಞಾ... ಹ್ಞೂಂ... ಮೊದಲು ಸಣ್ಣ ಉಸಿರುಗಳು. ಆಮೇಲೆ ಉದ್ದವಾಗುತ್ತ, ಒರಟಾಗುತ್ತ, ಕೊನೆಕೊನೆಗೆ ಕಮ್ಮಾರನ ತೂತು ಬಿದ್ದ ತಿದಿಯಂತೆ ಸುಯ್‌ಗುಡುತ್ತ ಸಾಗಿದವು.

ತಾತ ತೊಡೆ ತಟ್ಟಿ ನಕ್ಕ. "ಯಾವನೇ ಇವನು? ಮಹಡಿ ಹತ್ತಿದ ಮುದಿ ಎಮ್ಮೆ ಥರ! ಈ ಪಾರ್ಟಿಗೆ ಹೀರೋ ಗುಂಡು ಹೊಡೆಯೋದೇ ಬೇಡ. 'ಬಾರಯ್ಯ ಮೆಟ್ಟಿಲು ಹತ್ತೋಣ' ಅಂದ್ರೆ ಸಾಕು, ಸಿನಿಮಾ ಶುಭಂ!"

ತರ್ಲೆ ನಗಲಿಲ್ಲ. ಉಸಿರುಗಳು ಮುಂದುವರಿದವು. ಒಂದು ಉದ್ದನೆಯ ಎಳೆತದ ಕೊನೆಗೆ, ಕಟಕ್.

ಕಿತ್ತಳೆ ಮಾತ್ರೆ ಕಟ್ಟುಹಲ್ಲಿಗೆ ತಾಗಿದ ಸದ್ದು. ಅದರ ಬೆನ್ನಿಗೇ ಮೈಕಿನಿಂದ ದೂರ ತಿರುಗಿ, ಯಾರಿಗೂ ಕೇಳಿಸದಿರಲಿ ಎಂದು ಗೊಣಗಿದ ಒಂದು ಮಾತು: "ಅಯ್ಯಪ್ಪಾ... ಸ್ವಲ್ಪ ತಡಿಯಪ್ಪಾ ಎದೆ, ಇದೊಂದು ಟೇಕ್ ಆಗ್ಲಿ."

ತಾತನ ನಗು ಅರ್ಧಕ್ಕೇ ನಿಂತಿತು. ತನ್ನ ದನಿಯನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು. ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ತರ್ಲೆ ಮೌಸಿಗೆ ಕೈಯಿಟ್ಟು ನಿಲ್ಲಿಸಿದಳು. ಸದ್ದು ಹೊರಗೆ ಹೋಗದಂತೆ ಕಟ್ಟಿದ ಆ ಕೋಣೆಯಲ್ಲಿ ಈಗ ಎರಡು ಉಸಿರು ಕೇಳಿಸುತ್ತಿದ್ದವು, ಒಂದು ಉದ್ದ, ಒಂದು ಗಿಡ್ಡ.

"ಇಷ್ಟೂ ನಂದೇನಾ?" ಎಂದ ತಾತ.

"ಇಷ್ಟೂ."

"ಎಲ್ಲಾ ಕಟ್ ಮಾಡಿದ್ಯಾ?"

"ನೀನು ಮುಖ ಸಪ್ಪಗೆ ಮಾಡ್ಕೊಂಡಿದ್ದೆ. ನಂಗೆ ನೋಡೋಕಾಗ್ಲಿಲ್ಲ."

ಬೈಯುತ್ತಾನೆಂದು ತರ್ಲೆ ಕಾದಳು. ತಾತ ಅವಳ ತಲೆಗೆ ಮೆಲ್ಲಗೆ ಒಂದು ಮೊಟಕಿದ. "ಕೆಲಸ ಮಾತ್ರ ಏನು ನೀಟಾಗಿ ಮಾಡಿದ್ದೀಯೇ ಬಡ್ಡಿಮಗಳೇ! ಒಂದು ಹೊಲಿಗೆನೂ ಗೊತ್ತಾಗ್ಲಿಲ್ಲ ನಂಗೆ." ಆಮೇಲೆ ಎದ್ದು, ಅಂಗಿ ಸರಿಮಾಡಿಕೊಂಡು, ಪೊಲೀಸರಿಗೆ ಶರಣಾಗುವ ಖಳನಾಯಕನಂತೆ ಎರಡೂ ಕೈ ಮುಂದೆ ಚಾಚಿದ. "ನಡಿ. ಯಾವ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀಯೋ ಹೋಗು. ಒಂದೇ ಒಂದು ಕೊನೆ ಆಸೆ. ನಿಮ್ಮಜ್ಜಿಗೆ ಗೋಡೆ ವಿಷಯ ಹೇಳ್ಬೇಡ."

ಅಜ್ಜಿ ಆಸ್ಪತ್ರೆಯಲ್ಲಿ ಆಗಲೇ ಬಂದು ಕೂತಿದ್ದಳು. ಕೈಚೀಲದಲ್ಲಿ ಗೋಡೆಯಿಂದ ಉದುರಿದ ಮಾತ್ರೆಗಳ ಪೊಟ್ಟಣವೂ ಇತ್ತು. ತರ್ಲೆ ಚಾವಣಿ ನೋಡಿದಳು. ತಾತ, "ದ್ರೋಹಿ!" ಎಂದ. ಅಜ್ಜಿ ಪಕ್ಕದ ಕುರ್ಚಿಯನ್ನು ಎರಡು ಸಲ ತಟ್ಟಿ ತೋರಿಸಿದಳು, ಅಷ್ಟೇ. ಹತ್ತಾರು ಗೂಂಡಾಗಳನ್ನು ಸಾಕಿದ್ದ ತಾತ ಸದ್ದಿಲ್ಲದೆ ಹೋಗಿ ಕೂತ.

ಡಾಕ್ಟರಮ್ಮ ಸಣ್ಣ ದೇಹದ, ಚುರುಕು ಕಣ್ಣಿನ ಹೆಂಗಸು. ಸ್ಟೆತೊಸ್ಕೋಪು ತಾತನ ಎದೆಗಿಟ್ಟರು, ಬೆನ್ನಿಗಿಟ್ಟರು.

"ಉಸಿರು ಜೋರಾಗಿ ಎಳ್ಕೊಳ್ಳಿ."

"ಸೌಂಡ್ ಕ್ಲಿಯರ್ ಇದ್ಯಾ ಡಾಕ್ಟ್ರೇ? ಇನ್ನೊಂದು ಟೇಕ್ ಬೇಕಾ?"

"ಮಾತಾಡ್ಬೇಡಿ, ನಂಗೆ ನಿಮ್ಮ ಡೈಲಾಗ್ ಅಷ್ಟೇ ಕೇಳಿಸ್ತಿದೆ."

ಬಿಪಿ ನೋಡಿದರು, ಇಸಿಜಿ ತೆಗೆಸಿದರು, ಇನ್ನೊಂದೆರಡು ಪರೀಕ್ಷೆ ಮಾಡಿಸಿದರು. ಎಲ್ಲ ಮುಗಿದ ಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತರು. ತರ್ಲೆಯ ಕೈ ಅಜ್ಜಿಯ ಕೈಯೊಳಗೆ ಸೇರಿತ್ತು, ಯಾರು ಯಾರದನ್ನು ಹಿಡಿದುಕೊಂಡರೋ.

"ಹೃದಯ ದಣಿದಿದೆ, ಸೋತಿಲ್ಲ. ಬಿಪಿ ತುಂಬಾ ಮೇಲಿದೆ. ಹೀಗೇ ಇನ್ನೊಂದಿಷ್ಟು ದಿನ ಬಿಟ್ಟಿದ್ರೆ ನಾನು ಬೇರೆ ಮಾತು ಹೇಳಬೇಕಾಗ್ತಿತ್ತು. ಮಾತ್ರೆ ಯಾಕೆ ನಿಲ್ಲಿಸಿದ್ರಿ?"

ತಾತ ಕೆಮ್ಮಿನ ಕಥೆ ಹೇಳಿದ. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಷ್ಟೇನಾ? ಆ ಮಾತ್ರೆ ಕೆಲವರಿಗೆ ಒಣಕೆಮ್ಮು ತರುತ್ತೆ. ಗೊತ್ತಿರೋ ವಿಷಯ. ಅದಕ್ಕೇ ಬೇರೆ ಜಾತಿ ಮಾತ್ರೆ ಇದೆ. ಒಂದು ಫೋನ್ ಮಾಡಿದ್ರೆ ಬದಲಾಯಿಸಿ ಕೊಡ್ತಿದ್ನಲ್ಲ ತಾತ!"

"ಕೆಲಸ?"

"ಬಿಪಿ ಹಿಡಿತಕ್ಕೆ ಬರೋವರೆಗೂ ರಜೆ. ಆಮೇಲೆ ಮಾಡಿ. ಆದ್ರೆ ಉಸಿರು ಕಟ್ಟಿ ಕಿರುಚೋ ಸಾಹಸ ಬೇಡ."

ಇಷ್ಟು ದಿನ ಒಂದು ಗೋಡೆಯನ್ನೇ ಔಷಧದಂಗಡಿ ಮಾಡಿ ಒದ್ದಾಡಿದ್ದು ಒಂದು ಫೋನಿನ ಕೆಲಸಕ್ಕೆ. ತಾತನ ಮುಖ ನೋಡಬೇಕಿತ್ತು. ಆದರೂ ಸೋಲನ್ನು ಸುಲಭಕ್ಕೆ ಒಪ್ಪುವ ಖಳನಾಯಕ ಎಲ್ಲಿದ್ದಾನೆ? ಜೇಬಿನಿಂದ ಕಿತ್ತಳೆ ಡಬ್ಬಿ ತೆಗೆದು ಮೇಜಿನ ಮೇಲೆ ಕುಕ್ಕಿದ. "ಹಾಗಾದ್ರೆ ಇದು? ಇದು ಪೂರಾ ಸುಳ್ಳಾ?"

"ಸುಳ್ಳಲ್ಲ. ರಕ್ತನಾಳದ ಗೋಡೆ ಗಟ್ಟಿಯಾಗಿರೋಕೆ ವಿಟಮಿನ್ ಸಿ ಬೇಕೇ ಬೇಕು. ಹಣ್ಣು, ತರಕಾರಿ ಚೆನ್ನಾಗಿ ತಿನ್ನೋರ ಹೃದಯ ಚೆನ್ನಾಗಿರೋದೂ ನಿಜ. ಆದ್ರೆ ಡಬ್ಬಿಯ ಮಾತ್ರೆ ಚೀಪಿದ್ರೆ ಹಾರ್ಟ್ ಅಟ್ಯಾಕ್ ತಪ್ಪುತ್ತಾ ಅಂತ ಸಾವಿರಾರು ಜನಕ್ಕೆ ವರ್ಷಗಟ್ಟಲೆ ಕೊಟ್ಟು ನೋಡಿದ್ದಾರೆ. ಅಟ್ಯಾಕ್ ತಪ್ಪಲಿಲ್ಲ. ಅತಿಯಾದ್ರೆ ಕಿಡ್ನಿಯಲ್ಲಿ ಕಲ್ಲೂ ಆಗಬಹುದು." ಡಾಕ್ಟರಮ್ಮ ಡಬ್ಬಿಯನ್ನು ಬೆರಳ ತುದಿಯಿಂದ ತಾತನ ಕಡೆಗೆ ತಳ್ಳಿದರು. "ಇದು ಒಳ್ಳೆ ಪೋಷಕ ನಟ ತಾತ. ನೀವು ತಂದು ಹೀರೋ ಜಾಗದಲ್ಲಿ ನಿಲ್ಲಿಸಿಬಿಟ್ರಿ."

ತಾತನ ಕಿವಿ ನೆಟ್ಟಗಾಯಿತು. "ಮತ್ತೆ ಹೀರೋ ಯಾರು?"

"ಈ ಹೊಸ ಮಾತ್ರೆ."

"ವಿಲನ್ನು?"

"ನಿಮ್ಮ ಬಿಪಿ."

"ಅವನಿಗೆ ಡಬ್ಬಿಂಗ್?"

"ಸದ್ಯಕ್ಕೆ ನೀವೇ ಕೊಡ್ತಿದ್ದೀರಲ್ಲ."

ಇಷ್ಟು ಹೊತ್ತೂ ಬಾಯಿಗೆ ಬೀಗ ಹಾಕಿಕೊಂಡಿದ್ದ ಅಜ್ಜಿ ಆಗ ಬಾಯಿಬಿಟ್ಟಳು. "ಡಾಕ್ಟ್ರೇ, ಇವರು ಊರಲ್ಲಿ ಎಲ್ಲರ ಎದೆ ಬಡ್ಕೊಳ್ಳೋಕೂ ಅಪ್ಪಣೆ ಕೊಡೋರು. ಇನ್ಮೇಲೆ ಇವರ ಎದೆ ಬಡ್ಕೊಳ್ಳೋಕೆ ಅಪ್ಪಣೆ ಕೊಡೋಳು ನಾನು. ಹಣ್ಣು ನಾನೇ ಕೊಡ್ತೀನಿ. ಆ ಡಬ್ಬಿ ಇಲ್ಲಿ ಕೊಡಿ." ಎಂದು ಕಿತ್ತಳೆ ಡಬ್ಬಿಯನ್ನು ಎತ್ತಿ ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು. ಅದೇ ಹೊತ್ತಿಗೆ ಚೀಲದೊಳಗಿಂದ ಫೋನು, "ಹಹ್ಹಹ್ಹಾ! ಇವತ್ತು ನಿಮ್ಮನ್ನ ಯಾರೂ ಕಾಪಾಡಲ್ಲ!" ಎಂದು ಮೊಳಗಿತು. ಹೊರಗೆ ಕಾಯುತ್ತಿದ್ದ ರೋಗಿಗಳಲ್ಲಿ ಇಬ್ಬರು ಎದ್ದು ಮನೆಗೆ ಹೋದರಂತೆ.

ತಾತ ರಜೆಯಲ್ಲಿದ್ದಾಗ ನಿರ್ದೇಶಕನಿಗೆ ಎಲ್ಲ ಕಡೆಯಿಂದ ಸಲಹೆ ಬಂತು, ಬೇರೆ ಧ್ವನಿ ಹುಡುಕಪ್ಪಾ ಎಂದು. ಅವನು ಹುಡುಕಿಯೂ ಹುಡುಕಿದ. ಬಂದವರ ದನಿ ಕೇಳಿ ಆ ದಿಂಬಿನ ತೋಳಿನ ಖಳನಾಯಕನೇ ಹೆದರಿಸುವುದು ಬಿಟ್ಟು ಆಕಳಿಸುವಂತಿತ್ತು. ಇದೆಲ್ಲ ತಾತನ ಕಿವಿಗೆ ಬೀಳದೆ ಇರಲಿಲ್ಲ. ಹೊಸ ಮಾತ್ರೆಗೆ ಕೆಮ್ಮು ಬರಲಿಲ್ಲ, ಸಂಜೆ ಅಜ್ಜಿಯ ಜೊತೆ ನಿಧಾನಕ್ಕೆ ಬೀದಿ ಸುತ್ತುವುದು ಶುರುವಾಯಿತು, ಮೆಟ್ಟಿಲ ತಿರುವಿನಲ್ಲಿ ಶಿಳ್ಳೆ ನಿಲ್ಲುವುದು ಕಡಿಮೆಯಾಯಿತು. ಆದರೆ ಹೆದರಿಕೆ ಮಾತ್ರ ಹಾಗೇ ಇತ್ತು.

ಡಾಕ್ಟರಮ್ಮ ಹ್ಞೂಂ ಎಂದ ದಿನ, ಸ್ಟುಡಿಯೋ ಬಾಗಿಲಲ್ಲಿ ತಾತ ತರ್ಲೆಯ ತೋಳು ಹಿಡಿದು ಪಿಸುಗುಟ್ಟಿದ. "ಇದೊಂದೇ ಸಲ ಕಟ್ ಮಾಡಿ ಜೋಡಿಸ್ತೀಯೇನೇ? ಯಾರಿಗೂ ಗೊತ್ತಾಗಲ್ಲ. ಒಂದೇ ಉಸಿರು ಇಲ್ದಿದ್ರೆ ನಾನು ಯಾವ ಸೀಮೆ ಖಳನಾಯಕ?"

"ಕತ್ತರಿ ರಿಟೈರ್ ಆಗಿದೆ ತಾತ. ಮಾತ್ರೆ ಎಲ್ಲಿ?"

ಅದು ಹೊಸ ಪದ್ಧತಿ. ಊಟದ ಡಬ್ಬಿಯ ಮುಚ್ಚಳದ ಮಾತ್ರೆಯನ್ನು ತಾತ ಮೈಕಿನ ಮುಂದೆಯೇ ನುಂಗಬೇಕು. ಗುಟುಕ್ ಎಂಬ ಸದ್ದು ಹೆಡ್‌ಫೋನಿನಲ್ಲಿ ಕೇಳಿಸಿದ ಮೇಲೆಯೇ ತರ್ಲೆ ರೆಕಾರ್ಡಿಂಗಿನ ಕೆಂಪು ದೀಪ ಹಾಕುವುದು. ತಾತ ನುಂಗಿದ. ಗುಟುಕ್.

"ಟೇಕ್ ಓಕೆ" ಎಂದಳು. "ಈಗ ಡೈಲಾಗ್."

ಪರದೆಯ ಮೇಲೆ ದಿಂಬಿನ ತೋಳಿನವನು ಗುಂಡೇಟು ತಿಂದು ತನ್ನದೇ ಕೋಟೆಯ ಮೆಟ್ಟಿಲ ಮೇಲೆ ಕುಸಿಯುತ್ತಿದ್ದ. ತಾತ ಮೈಕಿಗೆ ಮುಖ ಕೊಟ್ಟ.

"ಏಯ್ ಸಾವು..." ಉಸಿರು ಎಳೆದ. "ನನ್ನ ಬಾಗಿಲಿಗೆ ಬಂದ್ರೆ..." ಮತ್ತೆ ಎಳೆದ. ಕಣ್ಣಂಚಿನಲ್ಲಿ ಗಾಜಿನ ಆಚೆಗೆ ನೋಡಿದ. ತರ್ಲೆ ಎರಡೂ ಕೈ ಮೇಲೆತ್ತಿ ತೋರಿಸಿದಳು, ಕೀಬೋರ್ಡ್ ಮುಟ್ಟಿಲ್ಲ ಎಂದು. ತಾತ ಹೆಗಲು ಸಡಿಲ ಬಿಟ್ಟ. "...ಚಪ್ಪಲಿ ಬಿಟ್ಟು... ಹೊರಗೆ ಕಾಯ್ಬೇಕು ಕಣೋ. ನಾನು... ಪುರುಸೊತ್ತಾದಾಗ... ಬರ್ತೀನಿ."

ಕೋಣೆ ತುಂಬ ಆ ಉಸಿರುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದವು. ಮುಗಿಯಿತು. ನಿರ್ದೇಶಕ ಸೋಫಾದಿಂದ ಮುಂದಕ್ಕೆ ಬಗ್ಗಿ ಕೂತಿದ್ದವನು ಹಾಗೇ ಕೂತಿದ್ದ. ತಾತ ಬೆವರು ಒರೆಸಿಕೊಂಡ, ಕೆಲಸ ಕಳೆದುಕೊಂಡವನ ಮುಖ ಮಾಡಿ ನಿಂತ.

"ಗುರುಗಳೇ" ಎಂದ ನಿರ್ದೇಶಕ ಕೊನೆಗೆ. "ಇಷ್ಟು ದಿನ ನಿಮ್ಮ ವಿಲನ್‌ಗಳು ಸಾಯೋವಾಗಲೂ ಭಾಷಣ ಮಾಡ್ತಿದ್ರು. ಇವತ್ತು ಒಬ್ಬ ಮನುಷ್ಯ ಸತ್ತ. ನಂಗೆ ಪಾಪ ಅನ್ನಿಸ್ಬಿಡ್ತು, ಅದೂ ಈ ನನ್ಮಗನ ಮೇಲೆ! ತರ್ಲೆ, ಒಂದು ಉಸಿರು ಮುಟ್ಟಿದ್ರೆ ನೋಡು."

"ನಾನ್ಯಾಕೆ ಮುಟ್ಲಿ" ಎಂದಳು ತರ್ಲೆ. ಹೆಡ್‌ಫೋನ್ ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡಳು.

ತಾತ ಆಗಲೇ ಮೀಸೆಗೆ ಕೈ ಹಾಕಿದ್ದ. "ನಾನು ಬೇಕಂತಲೇ ಹಾಗೆ ಮಾಡಿದ್ದು. ಅನುಭವ ಕಣಪ್ಪಾ, ಅನುಭವ!"

"ಕೊನೇ ಅಟ್ಟಹಾಸ ಒಂದು ಬಾಕಿ ಇದೆ ಗುರುಗಳೇ. ಮೆಲ್ಲಗೆ ಕೊಡಿ, ಡಾಕ್ಟರ್ ಬೈತಾರೆ."

ತಾತ ಹೊಟ್ಟೆಯ ತಳದಿಂದ, ಆತುರವಿಲ್ಲದೆ, ನಡುನಡುವೆ ಉಸಿರು ಎಳೆದುಕೊಳ್ಳುತ್ತ ನಕ್ಕ. ನೆಲ ಸಣ್ಣಗೆ ನಡುಗಿತು. ತರ್ಲೆ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಕಣ್ಣು ತೆರೆದಳು.

ಟಿಕ್ ಟಿಕ್ ಟಿಕ್.

ಗುಟುಕ್ ಕೇಳಿಸಿತ್ತಲ್ಲ? ಹೆಡ್‌ಫೋನ್ ಕಿತ್ತೆಸೆದು, ಸ್ಕ್ರೂಡ್ರೈವರ್ ಹಿಡಿದು ಒಳಗೆ ನುಗ್ಗಿದಳು. ತಾತ ಗೋಡೆಗೆ ಬೆನ್ನು ಕೊಟ್ಟು ಅಡ್ಡ ನಿಂತ.

"ಪಕ್ಕಕ್ಕೆ ಸರಿ ತಾತ."

"ಯಾಕೆ? ಗೋಡೆಗೂ ಬಿಪಿ ನೋಡ್ತೀಯಾ?"

"ಸರಿ ಅಂದೆ!"

ಹಲಗೆ ಬಿಚ್ಚಿದಳು. ಒಳಗಿಂದ ಉರುಳಿ ಬಂದು ಅವಳ ಕಾಲ ಬಳಿ ನಿಂತದ್ದು ಬಿಳಿ ಮಾತ್ರೆಯಲ್ಲ. ಕಿತ್ತಳೆ ಬಣ್ಣದ್ದು. ಅದರ ಹಿಂದೆ ಇನ್ನೊಂದು. ಅದರ ಹಿಂದೆ, ತಾತ ಹಿಂದೆ ತಾನೇ ಹಂಚಿ ಬೆಳಗ್ಗೆಯಷ್ಟೇ ಕಾವಲುಗಾರನಿಂದ ವಾಪಸ್ ಇಸಿದುಕೊಂಡಂತಿದ್ದ, ಅರ್ಧ ಬಿಚ್ಚಿದ ಕಿತ್ತಳೆ ಮಾತ್ರೆಯ ಪೊಟ್ಟಣ.

ತಾತ ಎರಡೂ ಕೈ ಮೇಲೆತ್ತಿದ.

"ನಿಮ್ಮಜ್ಜಿ ಡಬ್ಬಿ ಕಿತ್ಕೊಂಡ್ಳಲ್ಲ, ಏನು ಮಾಡ್ಲಿ? ಪೋಷಕ ನಟ ಕಣೇ ಅದು. ಪಾಪ, ಅದಕ್ಕೂ ಒಂದು ಸೀನ್ ಬೇಡ್ವಾ?"